ನಾಲ್ಕನೇ ಕ್ಲಾಸಿಗೆ ಬಂದಮೇಲೆ ಮಗ ಮಂಕಾಗಿದ್ದಾನೆ, ಮಿಸ್ ಹತ್ತಿರ ಏನಂತ ಕೇಳಲಿ?

ಪ್ರಶ್ನೆ (ಒಬ್ಬ ತಾಯಿ, ತುಮಕೂರು ಜಿಲ್ಲೆ):
ನಮಸ್ತೆ ಸರ್. ಮಗ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಈ ವರ್ಷ ನಾಲ್ಕನೇ ಕ್ಲಾಸು. ಮೂರನೇ ಕ್ಲಾಸಿನವರೆಗೆ ನಲಿಕಲಿಯಲ್ಲಿದ್ದ. ಆಗ ಶಾಲೆ ಅಂದರೆ ಜೀವ ಬಿಡುತ್ತಿದ್ದ. ಈಗ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅಂತಾನೆ. ಮೊನ್ನೆ ಪೋಷಕರ ಸಭೆಯಲ್ಲಿ ಮಿಸ್ ಎಲ್ಲರ ಮುಂದೆ "ನಿಮ್ಮ ಹುಡುಗ ಬರೆಯೋದೇ ಇಲ್ಲ, ಮನೇಲಿ ಸ್ವಲ್ಪ ನೋಡ್ಕೊಳ್ಳಿ" ಅಂದರು. ತಲೆ ತಗ್ಗಿಸಿಕೊಂಡು ಬಂದೆ. ನಾನು ಓದಿರುವುದು ಏಳನೇ ಕ್ಲಾಸು, ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಏನು ನೋಡಿಕೊಳ್ಳಬೇಕು ಅಂತಲೇ ಗೊತ್ತಾಗುತ್ತಿಲ್ಲ. ನಮ್ಮ ಮನೆಯವರು "ಜಾಸ್ತಿ ಮಾತಾಡಬೇಡ, ಆಮೇಲೆ ಮಗು ಮೇಲೆ ಸಿಟ್ಟು ತೀರಿಸ್ಕೋತಾರೆ" ಅಂತಾರೆ.

ಉತ್ತರ (ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು, 22 ವರ್ಷ ಸೇವೆ):
ನಮಸ್ಕಾರ ಅಮ್ಮ. ಮೊದಲು ಹೊಟ್ಟೆನೋವಿನ ವಿಷಯ. ಭಾನುವಾರವೂ ನೋವು ಬಂದರೆ ಡಾಕ್ಟರಿಗೆ ತೋರಿಸಿ. ಶಾಲೆ ಇರುವ ದಿನ ಮಾತ್ರ ಬಂದರೆ ನಾಟಕ ಅಂತ ಗದರಬೇಡಿ. ಹೆದರಿದ ಮಗುವಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ನಿಮ್ಮ ಮಗ ದಡ್ಡನಾಗಿಲ್ಲ. ಅವನು ಕೂರುವ ರೀತಿ, ಕಲಿಯುವ ರೀತಿ ಎರಡೂ ಒಮ್ಮೆಲೇ ಬದಲಾಗಿವೆ. ನಲಿಕಲಿ 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ. ಅಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ, ಗುಂಪು ಗುಂಪಾಗಿ ಕೂರುತ್ತಾರೆ. ಕೈಯಲ್ಲಿ ಕಾರ್ಡು, ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಾರ್ಟು. ಮೂರು ದಿನ ಜ್ವರ ಬಂದು ಮಲಗಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ನಾಲ್ಕನೇ ಕ್ಲಾಸಿನಲ್ಲಿ ಬೆಂಚು, ಬೋರ್ಡು, ಪಠ್ಯಪುಸ್ತಕ. ಇಡೀ ಕ್ಲಾಸಿಗೆ ಒಂದೇ ದಿನ ಒಂದೇ ಪಾಠ. ಪ್ರತಿ ಜೂನ್‌ನಲ್ಲಿ ಈ ಹೊಸ್ತಿಲಲ್ಲಿ ಎಡವುವ ಮಕ್ಕಳನ್ನು ನಾನು ನೋಡುತ್ತೇನೆ.

"ಬರೆಯೋದಿಲ್ಲ" ಅನ್ನುವ ಮಾತಿನಿಂದ ನಿಮಗೂ ಏನೂ ತಿಳಿಯುವುದಿಲ್ಲ, ಮಿಸ್‌ಗೂ ತಿಳಿಯುವುದಿಲ್ಲ. ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಬೇಕು. ಇವತ್ತು ಸಂಜೆ ಕನ್ನಡ ಪುಸ್ತಕದ ಒಂದು ಪುಟ ಓದಿಸಿ, ಏನಿದೆ ಅಂತ ಕೇಳಿ. ಓದಿ ಹೇಳಿದರೆ ಓದು ಚೆನ್ನಾಗಿದೆ, ತೊಂದರೆ ಬರವಣಿಗೆಯಲ್ಲಿದೆ. ಆಮೇಲೆ ನೋಟ್‌ಬುಕ್ ತೆಗೆಯಿರಿ. ಎಲ್ಲ ಪಾಠವೂ ಅರ್ಧಕ್ಕೆ ನಿಂತಿದ್ದರೆ ಬೋರ್ಡು ಸರಿಯಾಗಿ ಕಾಣದೇ ಇರಬಹುದು. ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಪಕ್ಕದವಳನ್ನು ನೋಡಿ ಬರೆಯುತ್ತಿದ್ದಳು. ಎರಡು ತಿಂಗಳು ಬೈದೆ. ಆಮೇಲೆ ಗೊತ್ತಾಯಿತು, ಅವಳಿಗೆ ಬೋರ್ಡೇ ಕಾಣುತ್ತಿರಲಿಲ್ಲ. ಕಾರ್ಡು ಕೈಯಲ್ಲೇ ಇರುತ್ತಿದ್ದುದರಿಂದ ನಲಿಕಲಿಯಲ್ಲಿ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಆ ಎರಡು ತಿಂಗಳು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಮಿಸ್ ಹತ್ತಿರ ಹೋಗುವುದು. ಸಭೆಯ ದಿನ ಬೇಡ, ಅವತ್ತು ಯಾರ ಮಾತನ್ನೂ ಪೂರ್ತಿ ಕೇಳಲು ಆಗುವುದಿಲ್ಲ. ಮುಂಚೆಯೇ ಹೇಳಿ ಕಳಿಸಿ, ಸಂಜೆ ಗಂಟೆ ಹೊಡೆದ ಮೇಲೆ ಹೋಗಿ. ನೋಟ್‌ಬುಕ್ ಕೈಯಲ್ಲಿರಲಿ. "ಯಾಕೆ ಹಾಗಂದ್ರಿ" ಅಂತ ಶುರು ಮಾಡಬೇಡಿ. "ಮಿಸ್, ಇವನಿಗೆ ಎಲ್ಲಿ ಕಷ್ಟ ಆಗ್ತಿದೆ ತೋರಿಸ್ತೀರಾ?" ಅಂತ ಕೇಳಿ. ಹೊಟ್ಟೆನೋವಿನ ವಿಷಯ ತಪ್ಪದೇ ಹೇಳಿ. ಮನೆಯಲ್ಲಿ ಏನಾಗುತ್ತಿದೆ ಅಂತ ನೀವು ಹೇಳದೆ ನಮಗೆ ಗೊತ್ತಾಗುವುದಿಲ್ಲ.

ನಿಮ್ಮ ಮನೆಯವರ ಭಯ ಸುಳ್ಳು ಅನ್ನುವುದಿಲ್ಲ. ಆದರೆ ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಹಾಗೇನಾದರೂ ಆದರೆ ಮುಖ್ಯ ಶಿಕ್ಷಕರಿಗೆ ಹೇಳಿ, ಆಮೇಲೆ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಜನ ಹೆಂಗಸರು ಇರಬೇಕು. ಅಲ್ಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ.

ಏಳನೇ ಕ್ಲಾಸು ಓದಿದ್ದು ಬೇಕಾದಷ್ಟಾಯಿತು. ನೀವು ಮೆಷಿನ್ ತುಳಿಯುವಾಗ ಅವನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಲಿ. ಒಂದು ಬ್ಲೌಸಿಗೆ 6 ಹುಕ್ಕಾದರೆ 7 ಬ್ಲೌಸಿಗೆ ಎಷ್ಟು ಅಂತ ಕೇಳಿ. ಟೇಪು ಅವನ ಕೈಗೆ ಕೊಟ್ಟು 36 ಇಂಚಿನ ಅರ್ಧ, ಕಾಲು ತೋರಿಸು ಅನ್ನಿ.

ಇನ್ನೊಬ್ಬರ ಪ್ರಶ್ನೆ (ಒಬ್ಬ ತಂದೆ):
ಸರ್, ನಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳ ಅಂಕವನ್ನೂ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಮಗಳು ಅಳುತ್ತಾಳೆ. ಅಲ್ಲೇ ಪ್ರಶ್ನೆ ಮಾಡಲಾ?

ಉತ್ತರ:
ಗುಂಪಿನಲ್ಲಿ ಬೇಡ, ಅಲ್ಲಿ ಜಗಳವೇ ಆಗುತ್ತದೆ. ಮುಖ್ಯ ಶಿಕ್ಷಕರನ್ನು ನೇರವಾಗಿ ಭೇಟಿಯಾಗಿ, ಇನ್ನಿಬ್ಬರು ಪೋಷಕರನ್ನೂ ಕರೆದುಕೊಂಡು ಹೋಗಿ. ಪ್ರಗತಿ ಪತ್ರ ಇರುವುದೇ ಆಯಾ ಮನೆಯವರ ಕೈಗೆ ಕೊಡಲಿಕ್ಕೆ.

ತಾಯಿ, ಹತ್ತು ದಿನದ ನಂತರ:
ಸರ್, ಹೋಗಿದ್ದೆ. ಮಿಸ್ ಅರ್ಧ ಗಂಟೆ ಕೂತು ಮಾತಾಡಿದರು. ಹೊಟ್ಟೆನೋವಿನ ವಿಷಯ ಕೇಳಿ ಅವರಿಗೇ ಬೇಜಾರಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ತೋರಿಸಿದೆ, ಸರಿಯಾಗಿದೆ ಅಂದರು. ನೋಟ್‌ಬುಕ್ ನೋಡಿದಾಗ ಗೊತ್ತಾಯಿತು, ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲಿಸಿಬಿಟ್ಟಿದ್ದಾನೆ. ಹೊಟ್ಟೆನೋವು ಇನ್ನೂ ಪೂರ್ತಿ ಹೋಗಿಲ್ಲ.

ಉತ್ತರ:
ಕಣ್ಣು ಚೆನ್ನಾಗಿದೆಯಲ್ಲ, ನನಗೂ ಸಮಾಧಾನವಾಯಿತು. ಒತ್ತಕ್ಷರಕ್ಕೆ ನಿಮ್ಮ ಅಡುಗೆಮನೆಯೇ ಸಾಕು. ಅಕ್ಕಿ, ಬೆಲ್ಲ, ಉಪ್ಪು, ಎಣ್ಣೆ, ತುಪ್ಪ. ಇವೆಲ್ಲ ಅದೇ ಅಕ್ಷರಕ್ಕೆ ಅದೇ ಒತ್ತು, ಸುಲಭ. ಚೀಟಿಯಲ್ಲಿ ಅವನ ಕೈಯಲ್ಲೇ ಬರೆಸಿ, ಡಬ್ಬಿಗಳ ಮೇಲೆ ಅಂಟಿಸಲಿ. ತಪ್ಪಿದ್ದರೂ ಅವತ್ತೇ ತಿದ್ದಬೇಡಿ, ಮಾರನೇ ದಿನ ಪುಸ್ತಕದಲ್ಲಿ ಆ ಪದ ತೋರಿಸಿ. ಅವು ಬಂದಮೇಲೆ ಪುಸ್ತಕ, ಸೂರ್ಯ, ಶಕ್ತಿ ಥರದ ಪದಗಳಿಗೆ ಹೋಗಿ. ಡಬ್ಬಿಗೆ ಅಂಟಿಸುತ್ತಿರುವ ವಿಷಯ ಮಿಸ್‌ಗೂ ಹೇಳಿ, ಕ್ಲಾಸಿನಲ್ಲೂ ಅವೇ ಪದ ಕೇಳುತ್ತಾರೆ.