ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್ ಕೋರ್ಸ್: 20 ಮಂದಿಗೆ ಫೀಲ್ಡ್ ವರ್ಕ್ ಹೊಂದಿಸುವುದು ಹೇಗೆ?

ಕಲಿನಾ ಕಡೆಯವ: ಮುಂಬೈಯ ಕಾಲೇಜೊಂದರಲ್ಲಿ ಎರಡು ವರ್ಷದ ಡಿಪ್ಲೊಮಾ. 20 ವಿದ್ಯಾರ್ಥಿಗಳು, ಇಬ್ಬರು ಡೆಫ್ (ಕಿವಿ ಕೇಳದ) ಟೀಚರುಗಳು, ಒಬ್ಬರೇ ಮೆಂಟರ್. ಎರಡನೇ ವರ್ಷಕ್ಕೆ ವಾರಕ್ಕೆ ಎರಡು ಗಂಟೆ ಫೀಲ್ಡ್ ಕೊಡಬೇಕು, ಟೈಮ್‌ಟೇಬಲ್ ಕೂಡಿ ಬರುತ್ತಿಲ್ಲ. ಒಂದು ಆಸ್ಪತ್ರೆಯವರು ವಿದ್ಯಾರ್ಥಿಗಳನ್ನು ಈಗಲೇ ಕಳಿಸಿ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ? ಇನ್ನೊಂದು: ಕನ್ನಡ ಮನೆಮಾತಿನ ಹುಡುಗರ ಸೈನ್ ಪದಕ್ಕೆ ಪದ ಜೋಡಿಸಿದ ಹಾಗೆ ಕಾಣುತ್ತದೆ.

ಮಾಟುಂಗಾ ಮೂಲೆ: ಮೊದಲು ಲೆಕ್ಕ ಹಾಕಿ. ಇಷ್ಟು ಹೊತ್ತಿನ ಕೆಲಸಕ್ಕೆ ಇಂಟರ್‌ಪ್ರಿಟರ್ ಜೋಡಿಯಲ್ಲೇ ಹೋಗಬೇಕು. 20 ಮಂದಿ ಅಂದರೆ 10 ಜೋಡಿ, ಎರಡೆರಡು ಗಂಟೆಯಂತೆ 20 ಗಂಟೆ. ಪ್ರತಿ ಜೋಡಿಗೂ ಒಂದು ಗಂಟೆ ಫೀಡ್‌ಬ್ಯಾಕ್ ಸೇರಿಸಿದರೆ 30. ವಸಾಯಿ, ಡೊಂಬಿವಲಿ ಓಡಾಟ ಬೇರೆ. ಒಬ್ಬ ಮೆಂಟರಿಗೆ ಇದು ಆಗದ ಮಾತು. ಅರ್ಧ ತಂಡ ಈ ವಾರ ಫೀಲ್ಡಿಗೆ, ಉಳಿದರ್ಧ ವಿಡಿಯೊ ಲ್ಯಾಬಿಗೆ, ಮುಂದಿನ ವಾರ ಅದಲು ಬದಲು. ಆಗ ಮೆಂಟರಿಗೆ ವಾರಕ್ಕೆ 15 ಗಂಟೆ.

ಜೋಡಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗಬೇಕು. ಅದಕ್ಕಿಂತ ಹೆಚ್ಚು ಹೊತ್ತು ಎಳೆದರೆ ಕೈಗಿಂತ ಮೊದಲು ಮೆದುಳು ಸುಸ್ತಾಗುತ್ತದೆ. ತಾನು ಬಿಟ್ಟದ್ದು ತನಗೇ ಗೊತ್ತಾಗುವುದಿಲ್ಲ. ಕೂತವನಿಗೂ ವಿಶ್ರಾಂತಿ ಇಲ್ಲ: ಹೆಸರು, ಸಂಖ್ಯೆ ತಪ್ಪಿದರೆ ಹೇಳಿಕೊಡುವುದು ಅವನ ಕೆಲಸ.

ಆಸ್ಪತ್ರೆ ಬೇಡವೇ ಬೇಡ. 'ಊಟಕ್ಕೆ ಮೊದಲು' ಎಂಬುದು 'ಊಟವಾದ ಮೇಲೆ' ಆಗಿಬಿಟ್ಟರೆ ಅನುಭವಿಸುವವರು ರೋಗಿ. ಪೊಲೀಸ್ ಠಾಣೆ, ಕೋರ್ಟಿಗೂ ಇದೇ ಮಾತು. ಶುರುವಿನ ನಾಲ್ಕು ವಾರ ಬರೀ ನೋಡುವುದು. ಆಮೇಲೆ ಲೈಬ್ರರಿ ಪರಿಚಯ, ಪ್ರದರ್ಶನ, ಕೊನೆಗೆ ಮೆಂಟರ್ ಪಕ್ಕದಲ್ಲಿದ್ದು ಪಾಲಕರ ಸಭೆ. ಬರುವವರು ವಿದ್ಯಾರ್ಥಿ ಅಂತ ಡೆಫ್ ವ್ಯಕ್ತಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಬಾಗಿಲಲ್ಲಿ ನಿಂತು ಕೇಳಿದರೆ ಬೇಡ ಅನ್ನಲು ಸಂಕೋಚವಾಗುತ್ತದೆ.

ಬಾಂದ್ರಾ ಬಂಧು: ಪದಕ್ಕೆ ಪದದ ಬಗ್ಗೆ. ನಮ್ಮ ಭಾರತೀಯ ಸೈನ್ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ, 'ಏನು', 'ಇಲ್ಲ' ಕೂಡ ಕೊನೆಗೆ. ಕ್ರಮ ಕನ್ನಡದ್ದೇ ಅನ್ನಿಸುವುದರಿಂದ ಹುಡುಗರು ಎಡವುತ್ತಾರೆ. ಕನ್ನಡದ ಪ್ರತ್ಯಯಗಳೆಲ್ಲ ಎಲ್ಲಿಗೆ ಹೋದವು ಅಂತ ಕೇಳಿಸಿ. 'ಬಂದೆಯಾ' ಅನ್ನುವಾಗಿನ 'ಆ' ಹುಬ್ಬಿಗೆ ಹೋಗುತ್ತದೆ: ಹುಬ್ಬು ಮೇಲೆ, ತಲೆ ಸ್ವಲ್ಪ ಮುಂದೆ. 'ಅವಳಿಗೆ ಕೊಟ್ಟ'ದ 'ಇಗೆ' ಜಾಗಕ್ಕೆ ಹೋಗುತ್ತದೆ: ಕೊಡುವವನ ಜಾಗದಿಂದ ಪಡೆಯುವವಳ ಜಾಗಕ್ಕೆ ಕೈ ಚಲಿಸಬೇಕು. 'ಬರ್ತಾಳಂತೆ' ಅನ್ನುವಾಗ ಹೇಳಿದವರು ಯಾರು ಅಂತ ತೋರಿಸಿ, ಮೈ ತುಸು ತಿರುಗಿಸಿ ಅವರಾಗಬೇಕು.

ವಾಯ್ಸಿಂಗ್‌ನಲ್ಲಿ, ಅಂದರೆ ಸೈನ್ ನೋಡಿ ಮಾತಿನಲ್ಲಿ ಹೇಳುವಾಗ, ತಾಪತ್ರಯ ಇನ್ನೊಂದು. ಸೈನಿನ ಸರ್ವನಾಮದಲ್ಲಿ ಗಂಡು ಹೆಣ್ಣು ಇಲ್ಲ. ಕನ್ನಡದಲ್ಲಿ 'ಅವರು ಬಂದರು' ಅಂದು ಪಾರಾಗಬಹುದು, ಹಿಂದಿ ಮರಾಠಿಯಲ್ಲಿ ಗೌರವ ಕೊಟ್ಟರೂ ಕ್ರಿಯಾಪದ ಲಿಂಗ ಕೇಳುತ್ತದೆ: 'ಆಲೇ'ಯೋ 'ಆಲ್ಯಾ'ವೋ. ಊಹಿಸಬಾರದು, ಕೇಳಬೇಕು.

ಐಎಸ್‌ಎಲ್‌ಆರ್‌ಟಿಸಿಯ (ಭಾರತೀಯ ಸೈನ್ ಭಾಷೆಯ ಸರ್ಕಾರಿ ಸಂಶೋಧನೆ, ತರಬೇತಿ ಕೇಂದ್ರ) 10,000 ಪದದ ಡಿಕ್ಷನರಿಯ ಸೈನೂ ಮುಂಬೈ ಡೆಫ್ ಮಂದಿಯ ಸೈನೂ ಬೇರೆಯಾದರೆ ಎರಡನ್ನೂ ಕಲಿಸಿ. ಯಾವುದು ಎಲ್ಲಿ ನಡೆಯುತ್ತದೆ ಅಂತ ಡೆಫ್ ಟೀಚರ್ ಹೇಳಲಿ. ಆ ತೀರ್ಮಾನ ನಮ್ಮದಲ್ಲ.

ಕಲಿನಾ ಕಡೆಯವ: ಲ್ಯಾಬಿಗೆ ಯಾವ ಕ್ಯಾಮೆರಾ?

ಮಾಟುಂಗಾ ಮೂಲೆ: ಒಳ್ಳೆ ಫೋನ್ ಸಾಕು. 1080ಪಿ, 50 ಫ್ರೇಮ್, ಶಟರ್ 1/100: ನಮ್ಮ ಕರೆಂಟ್ 50 ಹರ್ಟ್ಸ್, ಬೇರೆ ಇಟ್ಟರೆ ವಿಡಿಯೊದಲ್ಲಿ ಟ್ಯೂಬ್‌ಲೈಟ್ ಮಿಣುಕಬಹುದು. ತಲೆ ಮೇಲೆ ಒಂದು ಗೇಣು ಬಿಟ್ಟು ಸೊಂಟದವರೆಗೆ, ಮೊಣಕೈ ಚಾಚಿದರೂ ಫ್ರೇಮಿನೊಳಗೆ. ಹಿಂದೆ ಸಾದಾ ಗಾಢ ಬಟ್ಟೆ, ಉಂಗುರ ಬೇಡ. ನಿಮಿಷಕ್ಕೆ ಸುಮಾರು 100 ಎಂಬಿ. 20 ಮಂದಿ 15 ನಿಮಿಷ ಅಂದರೆ 30 ಜಿಬಿ. ಹಾರ್ಡ್‌ಡಿಸ್ಕ್ ಮೊದಲೇ ಖರೀದಿಸಿ. ಪರೀಕ್ಷೆಯನ್ನು ಜುಲೈಯಲ್ಲಿ ಲೈವ್ ಇಡಬೇಡಿ, ಮಳೆಗೆ ಲೋಕಲ್ ಟ್ರೈನ್ ನಿಂತ ದಿನ ಅರ್ಧ ಮಂದಿ ಬರುವುದಿಲ್ಲ.

ಬಾಂದ್ರಾ ಬಂಧು: ಬಜೆಟ್ಟಿನಲ್ಲಿ ಎಲ್ಲರೂ ಮರೆಯುವ ಸಾಲು: ಡೆಫ್ ಟೀಚರುಗಳು ಇರುವ ಸ್ಟಾಫ್ ಮೀಟಿಂಗಿಗೂ ಇಂಟರ್‌ಪ್ರಿಟರ್ ಜೋಡಿ ಬೇಕು. ಅಲ್ಲಿಗೆ ವಿದ್ಯಾರ್ಥಿಗಳನ್ನು ಕೂರಿಸಿದರೆ ತಮ್ಮ ಅಂಕದ ಚರ್ಚೆಗೆ ತಾವೇ ಕೈ ಆಡಿಸಬೇಕಾಗುತ್ತದೆ.