ಕಲಬುರಗಿಯ ಮೇಲ್ಮಹಡಿ ಕೋಣೆಗೆ ಎಸಿ: ಒಂದು ಟನ್ ಐದು ಸ್ಟಾರೋ, ಒಂದೂವರೆ ಟನ್ ಮೂರು ಸ್ಟಾರೋ?

ಬೆಣ್ಣೆತೊರೆ_ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಲಬುರಗಿಯಲ್ಲಿದೆ. ಮೊದಲ ಮಹಡಿಯಲ್ಲಿ 12 ಅಡಿ ಅಗಲ, 13 ಅಡಿ ಉದ್ದದ ಒಂದು ಮಲಗುವ ಕೋಣೆ ಇದ್ದು, ಅದರ ಮೇಲೆ ನೇರವಾಗಿ ಆರ್‌ಸಿಸಿ ಮಾಳಿಗೆ, ಪಶ್ಚಿಮಕ್ಕೆ ಬಿಸಿಲು ಬಡಿಯುವ ಗೋಡೆ ಮತ್ತು ಒಂದು ಕಿಟಕಿ ಇವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದರಿಂದ ನಾನು ಮನೆ ಸೇರುವುದು ಸರಿಯಾಗಿ ಉರಿಬಿಸಿಲಿನ ಹೊತ್ತಿಗೆ. ಇದುವರೆಗೆ ಕೂಲರ್‌ನಲ್ಲೇ ಬೇಸಿಗೆ ಕಳೆದೆವು. ಆದರೆ ನಮ್ಮ ತಾಯಿಯವರಿಗೆ ಈಗ 74 ವರ್ಷ, ಕಳೆದ ಮೇ ತಿಂಗಳಲ್ಲಿ ಅವರು ಪಟ್ಟ ಸಂಕಟ ನೋಡಿದ ಮೇಲೆ ಈ ವರ್ಷ ಎಸಿ ಹಾಕಿಸಲೇಬೇಕೆಂದು ನಿರ್ಧರಿಸಿದ್ದೇವೆ.

ಎರಡು ಅಂಗಡಿಗಳಲ್ಲಿ ವಿಚಾರಿಸಿದೆ. ಮೊದಲನೆಯವರು ಒಂದು ಟನ್‌ನ ಐದು ಸ್ಟಾರ್ ಎಸಿ ಸಾಕು, ಕರೆಂಟು ಉಳಿಯುತ್ತದೆ ಎಂದು 39,500 ರೂಪಾಯಿ ಹೇಳಿದರು. ಎರಡನೆಯವರು ಅದು ಯಾವುದಕ್ಕೂ ಸಾಲದು, ಒಂದೂವರೆ ಟನ್‌ನ ಮೂರು ಸ್ಟಾರ್ ತೆಗೆದುಕೊಳ್ಳಿ ಎಂದು 38,000 ಹೇಳಿದರು. ಒಂದೂವರೆ ಟನ್‌ನಲ್ಲೇ ಐದು ಸ್ಟಾರ್ ಬೇಕೆಂದರೆ 47,000 ಆಗುತ್ತದಂತೆ. ಮೂರೂ ಇನ್ವರ್ಟರ್ ಮಾದರಿಗಳೇ, ಅಂದರೆ ಕಂಪ್ರೆಸರ್‌ನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವಂಥವು. ಸಾಲದ್ದಕ್ಕೆ ನಮ್ಮ ಬೀದಿಯಲ್ಲಿ ರಾತ್ರಿ ಒಂಬತ್ತರ ನಂತರ ವೋಲ್ಟೇಜ್ ಕಡಿಮೆಯಾಗಿ ಫ್ಯಾನು ನಿಧಾನವಾಗುತ್ತದೆ. ಸ್ಟೆಬಿಲೈಸರ್ ಬೇಕೇ ಬೇಡವೇ, ತಾಮ್ರದ ಕಾಯಿಲ್ (ಅನಿಲ ಹರಿಯುವ ಕೊಳವೆಗಳ ಸುರುಳಿ) ಎಂಬುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನೂ ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಹುಬ್ಬಳ್ಳಿ_ಮೆಕ್ಯಾನಿಕ್

ಸರ್, ಎಸಿ ಅಳವಡಿಕೆ ಮತ್ತು ದುರಸ್ತಿ ನನ್ನ ವೃತ್ತಿ. ನಿಮ್ಮ ಕೋಣೆಗೆ ಒಂದು ಟನ್ ಸಾಲುವುದಿಲ್ಲ. ಇದನ್ನು ಅಂಗಡಿಯವರ ಮಾತಿಗೆ ಮಾತು ಕೂಡಿಸಲು ಹೇಳುತ್ತಿಲ್ಲ, ಕಾರಣ ಹೇಳುತ್ತೇನೆ.

ಟನ್ ಎಂಬುದು ಎಸಿಯ ತೂಕವಲ್ಲ. ಹಿಂದಿನ ಕಾಲದಲ್ಲಿ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರಿಕೊಳ್ಳುತ್ತಿದ್ದ ಶಾಖದಿಂದ ಬಂದ ಅಳತೆ ಅದು. ಈಗಿನ ಲೆಕ್ಕದಲ್ಲಿ ಸುಮಾರು 3.5 ಕಿಲೋವಾಟ್ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಆದರೆ ಪೆಟ್ಟಿಗೆಯ ಮೇಲೆ ಬರೆದಿರುವ ಈ ಸಾಮರ್ಥ್ಯವನ್ನು ಹೊರಗಿನ ಉಷ್ಣಾಂಶ 35 ಡಿಗ್ರಿ ಇರುವಾಗ ಅಳೆದಿರುತ್ತಾರೆ. ನಿಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ದಾಟುತ್ತದೆ, ಹೊರಗಿನ ಯೂನಿಟ್ ಇರುವ ಮಾಳಿಗೆಯ ಮೇಲಿನ ಗಾಳಿ ಅದಕ್ಕಿಂತಲೂ ಬಿಸಿ. ಹೊರಗೆ ಬಿಸಿ ಏರಿದಷ್ಟೂ ಎಸಿಯ ಸಾಮರ್ಥ್ಯ ಕುಗ್ಗುತ್ತದೆ, ಅದು ಎಳೆಯುವ ಕರೆಂಟು ಏರುತ್ತದೆ. ಅಂದರೆ ನಿಮಗೆ ತಂಪು ಹೆಚ್ಚು ಬೇಕಾದ ಹೊತ್ತಿನಲ್ಲೇ ಯಂತ್ರ ಸೋಲುತ್ತಿರುತ್ತದೆ. ಮೇಲಾಗಿ ಬರಿ ಮಾಳಿಗೆಯ ಸ್ಲ್ಯಾಬು ಹಗಲೆಲ್ಲ ಬಿಸಿ ಕುಡಿದು ಸಂಜೆಯಿಂದ ನಡುರಾತ್ರಿಯವರೆಗೂ ಅದನ್ನು ಕೋಣೆಯೊಳಗೆ ಬಿಡುತ್ತದೆ. ಒಂದು ಟನ್‌ನ ಎಸಿ ಅಲ್ಲಿ ಇಡೀ ರಾತ್ರಿ ಪೂರ್ಣ ವೇಗದಲ್ಲಿ ಓಡಿದರೆ ಅದರ ಐದು ಸ್ಟಾರುಗಳಿಂದ ನಿಮಗೆ ಹೆಚ್ಚೇನೂ ಸಿಗುವುದಿಲ್ಲ, ಏಕೆಂದರೆ ಇನ್ವರ್ಟರ್ ಹೆಚ್ಚು ಉಳಿತಾಯ ಮಾಡುವುದೇ ಕಂಪ್ರೆಸರ್ ನಿಧಾನವಾಗಿ ಓಡುವಾಗ. ಒಂದೂವರೆ ಟನ್‌ನದ್ದು ಕೋಣೆಯನ್ನು ಬೇಗ ತಂಪು ಮಾಡಿ ವೇಗ ಇಳಿಸಿಕೊಳ್ಳುತ್ತದೆ.

ವೋಲ್ಟೇಜ್ ವಿಷಯದಲ್ಲಿ ಬೀದಿಯನ್ನು ದೂರುವ ಮೊದಲು ಒಂದು ಪರೀಕ್ಷೆ ಮಾಡಿ. ಎಲೆಕ್ಟ್ರಿಷಿಯನ್ ಒಬ್ಬರನ್ನು ರಾತ್ರಿ ಹತ್ತು ಗಂಟೆಗೆ ಕರೆಸಿ, ಆ ಕೋಣೆಯ ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆಯಂತಹ ಭಾರದ ಉಪಕರಣ ಹಚ್ಚಿ, ಅದು ಕೆಲಸ ಮಾಡುತ್ತಿರುವಾಗಲೇ ಮೀಟರ್ ಬಳಿಯೂ ಸಾಕೆಟ್ ಬಳಿಯೂ ವೋಲ್ಟೇಜ್ ಅಳೆಯಿಸಿ. ಎರಡರ ನಡುವೆ ಐದಾರು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ತಪ್ಪು ನಿಮ್ಮ ಮನೆಯ ವೈರಿನಲ್ಲಿದೆ. ಒಂದೂವರೆ ಟನ್‌ಗೆ ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ತಾಮ್ರದ ವೈರು, 20 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಇರಬೇಕು. ಇದಿಲ್ಲದೆ ಎಷ್ಟು ದುಬಾರಿ ಎಸಿ ತಂದರೂ ಪ್ರಯೋಜನವಿಲ್ಲ.

ರಾಯಚೂರು_ಲೆಕ್ಕಿಗ

ಮೇಲಿನ ಮಹನೀಯರ ಮಾತಿಗೆ ಟನ್‌ನ ಮಟ್ಟಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಮ್ಮದೂ ಬಿಸಿಲಿನ ಊರೇ. ಉಳಿದಿರುವುದು ಮೂರು ಸ್ಟಾರೋ ಐದು ಸ್ಟಾರೋ ಎಂಬ ಪ್ರಶ್ನೆ, ಅದನ್ನು ಅಂಗಡಿಯವರ ಬಾಯಿಮಾತಿನಿಂದಲ್ಲ, ಲೇಬಲ್‌ನಿಂದಲೇ ಬಗೆಹರಿಸಿಕೊಳ್ಳಬಹುದು.

ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. ಆ ಅಂಕಿ ವರ್ಷದಲ್ಲಿ 1,600 ಗಂಟೆ ಬಳಸಿದರೆ ಎಂಬ ಲೆಕ್ಕದ್ದು, ಹೊರಗಿನ ಉಷ್ಣಾಂಶ 24ರಿಂದ 43 ಡಿಗ್ರಿಯವರೆಗೆ ಬದಲಾಗುತ್ತದೆ ಎಂದು ಹಿಡಿದದ್ದು. ನಾನು ಅಂಗಡಿಯಲ್ಲಿ ಹೋಲಿಸಿ ನೋಡಿದ ಒಂದೂವರೆ ಟನ್‌ನ ಎಸಿಗಳಲ್ಲಿ ಮೂರು ಸ್ಟಾರ್‌ನದ್ದು ಸುಮಾರು 960, ಐದು ಸ್ಟಾರ್‌ನದ್ದು ಸುಮಾರು 730 ಇತ್ತು. ವ್ಯತ್ಯಾಸ 230 ಯೂನಿಟ್. ನೀವು ಬೇಸಿಗೆಯ 90 ದಿನ ದಿನಕ್ಕೆ ಹತ್ತು ಗಂಟೆ ಬಳಸಿದರೆ 900 ಗಂಟೆಯಾಯಿತು, ಆಗ ಉಳಿತಾಯ ಸುಮಾರು 130 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ವರ್ಷಕ್ಕೆ 780 ರೂಪಾಯಿ. ಹೆಚ್ಚಾಗಿ ಕೊಟ್ಟ 9,000 ರೂಪಾಯಿ ಮರಳಲು ಹನ್ನೊಂದು ಹನ್ನೆರಡು ವರ್ಷ ಬೇಕು. ಅಷ್ಟು ವರ್ಷ ಆ ಯಂತ್ರ ಬಾಳುತ್ತದೆಯೋ ಇಲ್ಲವೋ!

ಇನ್ನೊಂದು ಮಾತನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ತಮ್ಮ ಮನೆಗೆ ಗೃಹಜ್ಯೋತಿ ಸೌಲಭ್ಯವಿದ್ದರೆ, ತಿಂಗಳ ಬಳಕೆ 200 ಯೂನಿಟ್ ದಾಟಿದಾಗ ಹೆಚ್ಚುವರಿಗೆ ಮಾತ್ರವಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಐದು ಸ್ಟಾರ್ ಕೊಂಡರೆ ಆ ಗೆರೆಯೊಳಗೆ ಉಳಿಯಬಹುದು ಎಂಬ ಆಸೆ ಬೇಡ. ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ ಅದೊಂದೇ 140 ಯೂನಿಟ್ ಆಸುಪಾಸು ತಿನ್ನುತ್ತದೆ, ಫ್ರಿಜ್, ಫ್ಯಾನು, ಪಂಪು ಸೇರಿದರೆ ಹೇಗೂ ದಾಟುತ್ತದೆ. ಆದ್ದರಿಂದ ಬೇಸಿಗೆಯ ಎರಡು ಮೂರು ತಿಂಗಳ ಪೂರ್ಣ ಬಿಲ್ಲನ್ನು ಎಸಿಯ ಬೆಲೆಯ ಜೊತೆಗೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಅಂದಹಾಗೆ, ಕೂಲರನ್ನು ಮಾರಬೇಡಿ. ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಕೂಲರ್ ಎಸಿಯ ಒಂದು ಸಣ್ಣ ಪಾಲು ಕರೆಂಟಿನಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ ಶುರುವಾಗಿ ಗಾಳಿ ಹಸಿಯಾದ ಮೇಲೆ ಮಾತ್ರ ಅದರಿಂದ ಉಪಯೋಗವಿಲ್ಲ.

ಕಡಲತಡಿ_ಮಂಗಳೂರು

ಕಾಯಿಲ್ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ಕಡಲಿನಿಂದ ಅರ್ಧ ಕಿಲೋಮೀಟರ್ ದೂರದ ನಮ್ಮ ಮನೆಯಲ್ಲಿ ಅದಕ್ಕಾಗಿ ಸಾಕಷ್ಟು ಹಣ ಕಳೆದಿದ್ದೇನೆ. ಉಪ್ಪುಗಾಳಿಗೆ ನಮ್ಮ ಮೊದಲ ಎಸಿಯ ಹೊರಗಿನ ಯೂನಿಟ್‌ನಲ್ಲಿ ಕಾಯಿಲ್ ಸುತ್ತಲಿನ ತೆಳು ಲೋಹದ ರೆಕ್ಕೆಗಳು ನಾಲ್ಕನೇ ವರ್ಷಕ್ಕೆ ಬೂದಿಯಂತೆ ಉದುರಿದವು. ಅಲ್ಯೂಮಿನಿಯಂ ಕಾಯಿಲ್ ಸೋರಿದರೆ ದುರಸ್ತಿಗೆ ಒಪ್ಪುವವರು ಸಿಗುವುದು ಕಷ್ಟ, ಹೆಚ್ಚಾಗಿ ಇಡೀ ಕಾಯಿಲನ್ನೇ ಬದಲಿಸುತ್ತಾರೆ. ತಾಮ್ರದ್ದಾದರೆ ಬೆಸುಗೆ ಹಾಕಿಸಿ ಮುಂದುವರಿಸಬಹುದು. ಆ ಕಾರಣಕ್ಕೆ ತಾಮ್ರವೇ ಇರಲಿ. ಆದರೆ ತಾಮ್ರ ಎಂದ ಮಾತ್ರಕ್ಕೆ ಅಮರವೇನಲ್ಲ. ತೆರೆದ ಚರಂಡಿಯ ಅನಿಲ ತಾಮ್ರವನ್ನು ತಿಂದುಹಾಕುತ್ತದೆ, ಆದ್ದರಿಂದ ಹೊರಗಿನ ಯೂನಿಟನ್ನು ಚರಂಡಿಯ ನೆತ್ತಿಯ ಮೇಲೆ ತೂಗುಹಾಕಿಸಬೇಡಿ. ನಿಮ್ಮ ಒಣ ಊರಿನಲ್ಲಿ ಉಪ್ಪಿನ ಭಯವಿಲ್ಲ, ಧೂಳಿನ ಭಯವಿದೆ. ತಿಂಗಳಿಗೆ ಎರಡು ಸಲ ಒಳಗಿನ ಜಾಲರಿ ತೊಳೆಯಿರಿ, ಬೇಸಿಗೆಗೆ ಮುನ್ನ ಹೊರಗಿನದನ್ನು ನೀರಿನಿಂದ ತೊಳೆಸಿ.

ಹುಬ್ಬಳ್ಳಿ_ಮೆಕ್ಯಾನಿಕ್

ಲೆಕ್ಕಿಗರ ಲೆಕ್ಕಕ್ಕೆ ಒಂದು ತಿದ್ದುಪಡಿಯಿದೆ. ಅದು ರಾತ್ರಿ ಮಾತ್ರ ಬಳಸುವವರ ಲೆಕ್ಕ. ಪ್ರಶ್ನೆ ಕೇಳಿದವರ ತಾಯಿಯವರು ಹಗಲೂ ಅದೇ ಕೋಣೆಯಲ್ಲಿರುತ್ತಾರೆ. ದಿನಕ್ಕೆ 16 ಗಂಟೆ, ವರ್ಷಕ್ಕೆ 120 ದಿನ ಎಂದಿಟ್ಟುಕೊಂಡರೆ 1,920 ಗಂಟೆಯಾಗುತ್ತದೆ, ಆಗ ಉಳಿತಾಯ ಸುಮಾರು 276 ಯೂನಿಟ್, ಐದೂವರೆ ವರ್ಷದಲ್ಲಿ ಹಣ ಮರಳುತ್ತದೆ. ಮೊದಲು ಗಂಟೆಗಳನ್ನು ಎಣಿಸಿ, ನಂತರ ಸ್ಟಾರುಗಳನ್ನು ಎಣಿಸಬೇಕು. ಲೇಬಲ್ ಮೇಲಿನ ಅವಧಿಯನ್ನೂ ನೋಡಿ. ಸ್ಟಾರ್ ಕೊಡುವ ಮಾನದಂಡವನ್ನು ಆಗಾಗ ಬಿಗಿಗೊಳಿಸುತ್ತಾರೆ. 2022ರ ಜುಲೈನಲ್ಲಿ ಹಾಗೆ ಮಾಡಿದಾಗ ಹಿಂದಿನ ದಿನ ಐದು ಸ್ಟಾರ್ ಎನಿಸಿಕೊಂಡಿದ್ದ ಎಷ್ಟೋ ಮಾದರಿಗಳು ನಾಲ್ಕಕ್ಕೆ ಇಳಿದವು. ಹಳೆಯ ದಾಸ್ತಾನನ್ನು ಹೊಸ ಐದು ಸ್ಟಾರ್ ಬೆಲೆಗೆ ಕೊಳ್ಳಬಾರದು.

ಅಳವಡಿಸುವ ದಿನ ದಯವಿಟ್ಟು ಮನೆಯಲ್ಲಿರಿ. ಪೈಪು ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಕನಿಷ್ಠ 15–20 ನಿಮಿಷ ಹೀರಿಸಬೇಕು. ಅವಸರದ ಹುಡುಗರು ಪಂಪನ್ನೇ ತರದೆ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು ತಳ್ಳಿ ಮುಗಿಸುತ್ತಾರೆ. ಒಳಗುಳಿದ ತೇವ ಕಂಪ್ರೆಸರ್‌ನ ಎಣ್ಣೆಯೊಡನೆ ಸೇರಿ ಆಮ್ಲವಾಗಿ ಮುಂದೆ ಯಂತ್ರವನ್ನೇ ಕೆಡಿಸುತ್ತದೆ. ಈಗಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಅನಿಲ ಅಲ್ಪಮಟ್ಟಿಗೆ ಉರಿಯುವ ಗುಣದ್ದು, ಹಾಗೆ ಬಿಡುವುದು ಸುರಕ್ಷಿತವೂ ಅಲ್ಲ. ಎಸಿಯ ಜೊತೆ ಬರುವ ಪೈಪು ಸಾಮಾನ್ಯವಾಗಿ ಮೂರು ಮೀಟರ್ ಮಾತ್ರ. ಅದಕ್ಕಿಂತ ಉದ್ದ ಬೇಕಾದರೆ ದರವನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.

ಬೆಣ್ಣೆತೊರೆ_ದಂಡೆ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಹತ್ತಕ್ಕೆ ಪರೀಕ್ಷೆ ಮಾಡಿಸಿದೆ. ಇಸ್ತ್ರಿ ಪೆಟ್ಟಿಗೆ ಕೆಲಸ ಮಾಡುವಾಗ ಮೀಟರ್ ಬಳಿ 208 ವೋಲ್ಟ್, ಕೋಣೆಯ ಸಾಕೆಟ್‌ನಲ್ಲಿ 196. ಇಪ್ಪತ್ತು ವರ್ಷದ ಹಿಂದೆ ಎಳೆದ ತೆಳ್ಳನೆಯ ವೈರಿನಲ್ಲೇ ಹನ್ನೆರಡು ವೋಲ್ಟ್ ಕಳೆದುಹೋಗುತ್ತಿತ್ತು, ನಾವು ಇಷ್ಟು ವರ್ಷ ಬೀದಿಯನ್ನು ಬೈದುಕೊಂಡಿದ್ದೆವು. ಹೊಸ ವೈರು ಎಳೆಸಲು ಒಪ್ಪಿಸಿದ್ದೇನೆ.

ಗಂಟೆಗಳನ್ನು ತಾಯಿಯವರೊಡನೆ ಕುಳಿತು ಎಣಿಸಿದೆ. ಬೆಳಿಗ್ಗೆ ಹನ್ನೊಂದರವರೆಗೆ ಅವರು ಕೆಳಗಿನ ಪಡಸಾಲೆ ಬಿಟ್ಟು ಬರುವವರಲ್ಲ, ಎಸಿಯನ್ನು 26ಕ್ಕಿಂತ ಕೆಳಗೆ ಇಡಲೂ ಬಿಡುವವರಲ್ಲ. ದಿನಕ್ಕೆ ಹನ್ನೆರಡು ಗಂಟೆಗೆ ಮೇಲೆ ಹೋಗುವಂತೆ ಕಾಣುವುದಿಲ್ಲ. ಒಂದೂವರೆ ಟನ್‌ನ ಮೂರು ಸ್ಟಾರ್‌ಗೇ ಮನಸ್ಸು ಮಾಡಿದ್ದೇನೆ. ಉಳಿದ ಒಂಬತ್ತು ಸಾವಿರದಲ್ಲಿ ವೈರಿನ ಖರ್ಚು ಕಳೆದು ಮಿಕ್ಕಿದ್ದರಲ್ಲಿ ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಸುವ ವಿಚಾರವಿದೆ. ವೈರು ಬದಲಿಸಿದರೆ ಸ್ಟೆಬಿಲೈಸರ್ ಬಿಡಬಹುದೇ ಎಂಬುದೊಂದೇ ಉಳಿದ ಪ್ರಶ್ನೆ.

ಹುಬ್ಬಳ್ಳಿ_ಮೆಕ್ಯಾನಿಕ್

ಬಿಳಿ ಬಣ್ಣವನ್ನು ಎಸಿ ಬರುವ ಮೊದಲೇ ಬಳಿಸಿ. ಸ್ಟೆಬಿಲೈಸರ್ ಬಗ್ಗೆ ಜಾಹೀರಾತಿನ ಮಾತು ನಂಬದೆ, ಆ ಮಾದರಿಯ ಕೈಪಿಡಿಯಲ್ಲಿ ಎಷ್ಟು ವೋಲ್ಟ್‌ನಿಂದ ಎಷ್ಟರವರೆಗೆ ಎಂದು ಬರೆದಿರುವುದನ್ನು ಓದಿ, ವಾರಂಟಿಯ ಷರತ್ತಿನಲ್ಲಿ ಸ್ಟೆಬಿಲೈಸರ್ ಕಡ್ಡಾಯವೇ ಎಂಬುದನ್ನೂ ನೋಡಿ. ಮೇ ತಿಂಗಳಲ್ಲಿ ಬೀದಿಯವರೆಲ್ಲ ಎಸಿ ಹಾಕಿದಾಗ ಮೀಟರ್ ಬಳಿಯ 208 ಇನ್ನೂ ಇಳಿಯಬಹುದು. ಆಗ ಮತ್ತೊಮ್ಮೆ ಅಳೆಯಿಸಿ. ಕೈಪಿಡಿಯ ಕೆಳಮಿತಿಗಿಂತ ಇಪ್ಪತ್ತು ವೋಲ್ಟ್ ಮೇಲಿದ್ದರೆ ಬೇಡ, ಹತ್ತಿರ ಬಂದರೆ 4 ಕೆವಿಎ ಸ್ಟೆಬಿಲೈಸರ್ ಹಾಕಿಸಿ. ಹೊರಗಿನ ಯೂನಿಟನ್ನು ಪಶ್ಚಿಮದ ಗೋಡೆಗೆ ಹಾಕಿಸದೆ ಉತ್ತರದ ಗೋಡೆಗೆ, ಮುಂದೆ ಗಾಳಿಯಾಡುವ ಜಾಗ ಬಿಟ್ಟು ಹಾಕಿಸಿದರೆ ಒಳ್ಳೆಯದು. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂದು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಈಗಲೇ ಅರ್ಜಿ ಹಾಕಿಬಿಡಿ.