ಲೈಟ್, ಪವರ್, ಜಾಸ್ತಿ: ಫೈಬರ್ ಬಾಕ್ಸ್ ಕೂರಿಸುವವರಿಗೆ ಯಾವ ಪದ ಬರೆಯಲಿ?

ಎಲ್ಲರಿಗೂ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಫೈಬರ್ ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ರೋಣ, ಶಿರಹಟ್ಟಿ ಕಡೆಯ ಊರುಗಳಿಗೆ ಹೊಸ ಒಎನ್‌ಟಿ ಬಾಕ್ಸ್ (ಮನೆಯಲ್ಲಿ ಫೈಬರ್ ಬಂದು ಸೇರುವ ಇಂಟರ್‌ನೆಟ್ ಪೆಟ್ಟಿಗೆ) ಹೋದರೆ ಅಲ್ಲಿನ ಹುಡುಗರೇ ಕೂರಿಸುತ್ತಾರೆ. ಬಾಕ್ಸ್ ಒಮ್ಮೆ ನೆಟ್‌ವರ್ಕಿಗೆ ಬಂದರೆ ಸಾಕು, ಮುಂದಿನದನ್ನೆಲ್ಲ ಇಲ್ಲಿಂದಲೇ ಮಾಡಬಹುದು. ಆ ಮೊದಲ ಹಂತಕ್ಕೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ.

ತೊಡಕು ಇರುವುದು 'ಲೈಟ್' ಎಂಬಲ್ಲಿ. ನಮ್ಮ ಕಡೆ ಕರೆಂಟ್ ಹೋದರೂ "ಲೈಟ್ ಹೋಗ್ಯಾವ್ರಿ" ಅನ್ನುತ್ತಾರೆ. ಬಾಕ್ಸಿನ ಮುಂದೆ ಮಿನುಗುವುದೂ ಲೈಟ್. ಫೈಬರ್ ಒಳಗೆ ಬರುವುದೂ ಲೈಟ್. "ಫೈಬರ್ ಲೈಟ್ ಬಂತಾ ನೋಡ್ರಿ" ಎಂದು ಫೋನಿನಲ್ಲಿ ಹೇಳಿದರೆ ಹೊಸಬರು ಪ್ಯಾಚ್ ಕಾರ್ಡ್ (ಬಾಕ್ಸಿಗೆ ಚುಚ್ಚುವ ಗಿಡ್ಡ ಫೈಬರ್ ಕೇಬಲ್) ಕಿತ್ತು, ಹಸಿರು ಕನೆಕ್ಟರಿನ ತುದಿಯನ್ನೇ ಕಣ್ಣಿಗೆ ಹಿಡಿಯುವ ಸಾಧ್ಯತೆ ಇದೆ. ಹಾಗೆ ಎಂದೂ ಮಾಡಬಾರದು. ಜಿಪಾನ್ ಎಂಬ ನಮ್ಮ ಫೈಬರ್ ವ್ಯವಸ್ಥೆಯಲ್ಲಿ ಮನೆ ಕಡೆಗೆ ಬರುವ ಬೆಳಕು 1490 ನ್ಯಾನೊಮೀಟರ್, ವಾಪಸ್ ಹೋಗುವುದು 1310. ಎರಡೂ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಮಾಡಬಹುದು. ಕೇಬಲ್ ಎಲ್ಲಿ ಕಡಿದಿದೆ ಎಂದು ಹುಡುಕುವ ಕೆಂಪು ಲೇಸರ್ ಪೆನ್ನನ್ನು ನೋಡಿದವರು, ಕೆಂಪು ಕಾಣದಿದ್ದರೆ ಒಳಗೆ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಅದಕ್ಕೇ ನನಗೆ ಇದು ಬರೀ ಪದದ ಮಾತಲ್ಲ.

ಹಾಗಾಗಿ ಬಾಕ್ಸಿನ ಮೇಲಿನದಕ್ಕೆ 'ದೀಪ', ಫೈಬರ್ ಒಳಗಿನದಕ್ಕೆ 'ಬೆಳಕು' ಎಂದು ಬೇರೆ ಮಾಡಿದ್ದೇನೆ. "ಎಲ್‌ಒಎಸ್ ದೀಪ ಕೆಂಪಗಿದ್ದರೆ ಬೆಳಕು ತಲುಪಿಲ್ಲ. ತುದಿಯನ್ನು ಕಣ್ಣಿಗೆ ಹಿಡಿಯಬೇಡಿ." ಓದಲು ಸರಾಗ ಅನ್ನಿಸುತ್ತದೆ, ಅಲ್ವಾ?

ಇನ್ನು 'ಪವರ್'. ಬೆಳಕಿನ ಬಲಕ್ಕೂ ಕರೆಂಟಿಗೂ ಇದೇ ಪದ. "ಪವರ್ ಎಷ್ಟೈತಿ?" ಅಂದರೆ "ಬಂದೈತ್ರಿ" ಎಂಬ ಉತ್ತರ ಬರುತ್ತದೆ. ಅಂಕಿ ಕೇಳಿದರೆ ಇನ್ನೊಂದು ಗೊಂದಲ. ಬಿ ಪ್ಲಸ್ ದರ್ಜೆಯ ಬಾಕ್ಸಿಗೆ -8ರಿಂದ -27 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗೆ ಬೆಳಕು ಬೇಕು. -30 ಬಂದಾಗ "ಮೂವತ್ತೈತ್ರಿ, ಜಾಸ್ತೀನ ಐತಿ" ಎನ್ನುತ್ತಾರೆ. ಅವರು ಮೈನಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರತಿ 3 ಡಿಬಿ ಇಳಿದಾಗ ಬೆಳಕು ಅರ್ಧವಾಗುತ್ತದೆ. ಅಂದರೆ -27ರಲ್ಲಿ ಇರುವುದರ ಅರ್ಧ ಮಾತ್ರ -30ರಲ್ಲಿ. ಆದ್ದರಿಂದ ಸೂಚನೆಯಲ್ಲಿ 'ಜಾಸ್ತಿ', 'ಕಡಿಮೆ' ಎರಡನ್ನೂ ಬಿಡಬೇಕೆಂದಿದ್ದೇನೆ.

ಐಪಿ, ಪಾಸ್‌ವರ್ಡ್, ರಿಮೋಟ್ ಇವೆಲ್ಲ ಹಾಗೇ ಇರಲಿ, ಎಲ್ಲರಿಗೂ ಗೊತ್ತು. ಗೇಟ್‌ವೇ ಕೂಡ ಹಾಗೇ ಇಟ್ಟು, ಪಕ್ಕದಲ್ಲಿ "ಊರ ಅಗಸಿ ಇದ್ದಂತೆ" ಎಂದು ಸೇರಿಸಿದ್ದೇನೆ (ಅಗಸಿ ಅಂದರೆ ಊರ ಹೆಬ್ಬಾಗಿಲು). ಅದನ್ನು ತುಂಬದಿದ್ದರೆ ಬಾಕ್ಸ್ ಪಕ್ಕದ ಲ್ಯಾಪ್‌ಟಾಪಿಗೆ ಸಿಗುತ್ತದೆ, ಹುಬ್ಬಳ್ಳಿಗೆ ಸಿಗುವುದಿಲ್ಲ. ಊರು ದಾಟುವ ದಾರಿಯೇ ಅದಕ್ಕೆ ಗೊತ್ತಿರುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. -27ಕ್ಕಿಂತ ಕೆಳಗಿಳಿದ ಬೆಳಕಿಗೆ 'ಮಂದ' ಎಂದು ಬರೆದಿದ್ದೇನೆ. ನಮ್ಮ ಮನೆಗಳಲ್ಲಿ "ದೀಪ ಸಣ್ಣ ಮಾಡು" ಅನ್ನುವುದೇ ರೂಢಿ. ಹಾಗಾದರೆ 'ಬೆಳಕು ಸಣ್ಣ' ಎಂದರೆ ಹಾವೇರಿ, ಗದಗಿನವರಿಗೆ ತಟ್ಟನೆ ತಿಳಿಯುತ್ತದೆಯೇ? ಮೈಸೂರು, ಮಂಗಳೂರು ಕಡೆಯವರು ಓದಿದರೆ ಏನೆಂದುಕೊಳ್ಳುತ್ತಾರೆ? -8 ದಾಟಿದ ಅತಿ ಬೆಳಕಿಗೆ 'ಜೋರು' ಒಪ್ಪುತ್ತದೆಯೇ? ಈ ಕೆಲಸದಲ್ಲಿ ಇರುವವರು ನಿಮ್ಮ ಊರಲ್ಲಿ ಬಾಯಿಗೆ ಬರುವ ಪದವನ್ನೇ ಬರೆದು ಕಳಿಸಿ.